“ನನ್ನ ಮೇಲೆ ನಂಬಿಕೆ ಇಲ್ವಾ?”

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಆಕೆಗೆ 21 ವರ್ಷ. ಊರು ಬಿಟ್ಟು ಕಾರ್ಖಾನೆ ಕೆಲಸಕ್ಕೆ ಬಂದವಳು, ಹಾಸ್ಟೆಲಿನಲ್ಲಿ ವಾಸ. ಬಿಳಿ ಸೆರಗು ಜಾಸ್ತಿಯಾಗಿ, ಉರಿ ಶುರುವಾಗಿ ವೈದ್ಯರ ಬಳಿ ಹೋಗಿದ್ದಳು. ಅವರು ಎಚ್‌ಐವಿ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕಳಿಸಿದರು.

“ಮೇಡಂ, ನಾನು ಅಂಥವಳಲ್ಲ” ಎಂದೇ ಮಾತು ಶುರು ಮಾಡಿದಳು. ಕೇಳಿ ಸಂಕಟವಾಯಿತು. ಈ ಹೆದರಿಕೆಯಿಂದಲೇ ಎಷ್ಟೋ ಹುಡುಗಿಯರು ಎಚ್‌ಐವಿ ಪರೀಕ್ಷೆಗೆ ಬರುವುದಿಲ್ಲ.

ಸೂಪರ್‌ವೈಸರ್ ಜೊತೆ ಕೆಲವು ತಿಂಗಳ ಸಂಬಂಧ. ಅವನು ವಯಸ್ಸಿನಲ್ಲಿ ತುಂಬಾ ದೊಡ್ಡವನು. ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಕೊಡುವವನೂ ಅವನೇ, ರಜೆಗೆ ಒಪ್ಪಬೇಕಾದವನೂ ಅವನೇ. ಕಾಂಡೋಮ್ ಮಾತೆತ್ತಿದರೆ “ನನ್ನ ಮೇಲೆ ನಂಬಿಕೆ ಇಲ್ವಾ?” ಅನ್ನುತ್ತಾನಂತೆ.

ನನ್ನ ಪ್ರಕಾರ ಅಪಾಯ ಇರುವುದು ಇಲ್ಲೇ. ಕೈಗೆ ಸಂಬಳ ಬಂದಿದೆ, ಮನೆಯವರ ಕಾವಲಿಲ್ಲ. ಅದು ಒಳ್ಳೆಯದೇ. ಆದರೆ ಕೆಲಸ ಕಾಯಂ ಅಲ್ಲ, ಬೇಡ ಎಂದರೆ ಅದೂ ಹೋದೀತೆಂಬ ಭಯ. ಮೈಯ ವಿಷಯ ಕೇಳೋಣವೆಂದರೆ ಊರಲ್ಲೂ ಯಾರಿರಲಿಲ್ಲ, ಇಲ್ಲೂ ಇಲ್ಲ. ಬದುಕುವ ಪರಿಸ್ಥಿತಿಯೇ ಅಪಾಯ ತರುವುದಕ್ಕೆ ಇನ್ನೊಂದು ಉದಾಹರಣೆ: ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ವಲಸೆ ಗಂಡಸರನ್ನು ಕುಟುಂಬದಿಂದ ದೂರ, ಗಂಡಸರದ್ದೇ ಹಾಸ್ಟೆಲುಗಳಲ್ಲಿ ತಿಂಗಳುಗಟ್ಟಲೆ ಇಟ್ಟರು. ಎಚ್‌ಐವಿ ಅಲ್ಲಿ ಹರಡಿತು, ಊರಲ್ಲಿದ್ದ ಹೆಂಡತಿಯರಿಗೂ ತಲುಪಿತು. ಆ ಗಂಡಸರ ನಡತೆಯನ್ನು ದೂರುವ ಮೊದಲು ಅವರನ್ನು ಇಟ್ಟ ರೀತಿ ನೋಡಬೇಕಲ್ವಾ?

ಆಕೆಗೆ ಹೇಳಿದ್ದು ಇಷ್ಟು. ನೋಡಿದರೆ ಎಚ್‌ಐವಿ ಗೊತ್ತಾಗುವುದಿಲ್ಲ, ಪರೀಕ್ಷೆಯೊಂದೇ ದಾರಿ. ಇವತ್ತೇ ಮಾಡಿಸಿ. ಇವತ್ತು ನೆಗೆಟಿವ್ ಬಂದರೂ, ಕೊನೆಯ ಸಂಪರ್ಕದಿಂದ ಮೂರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ ಮಾಡಿಸಬೇಕು. ಸೋಂಕು ತಗುಲಿದ ಹೊಸದರಲ್ಲಿ ಪರೀಕ್ಷೆಗೆ ಅದು ಸಿಗದೇ ಇರಬಹುದು. ಬಿಳಿ ಸೆರಗಿಗೆ ಕಾರಣ ಲೈಂಗಿಕ ಸೋಂಕಾಗಿದ್ದರೆ ಅದಕ್ಕೆ ಪೂರ್ತಿ ಚಿಕಿತ್ಸೆ ತೆಗೆದುಕೊಳ್ಳಿ. ಅಂಥ ಸೋಂಕು ಇದ್ದಾಗ ಎಚ್‌ಐವಿ ಸುಲಭವಾಗಿ ತಗುಲುತ್ತದೆ. ಮುಂದೆ ಯಾವತ್ತಾದರೂ ರಕ್ಷಣೆಯಿಲ್ಲದೆ ಸಂಪರ್ಕವಾದರೆ ಕಾಯಬೇಡಿ. ಎಚ್‌ಐವಿ ತಗುಲದಂತೆ ತಡೆಯಲು 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳುವ ಮಾತ್ರೆಗಳಿವೆ. ಆದಷ್ಟು ಬೇಗ ಶುರು ಮಾಡಬೇಕು.

“ಪಾಸಿಟಿವ್ ಬಂದ್ರೆ?” ಎಂದು ಅತ್ತಳು. ದಿನಾ ಮಾತ್ರೆ ತೆಗೆದುಕೊಂಡು, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ, ಸೋಂಕಿಲ್ಲದ ಮಗುವನ್ನೂ ಹೆರಬಹುದು ಎಂದೆ. ಆಗ ಸ್ವಲ್ಪ ಸಮಾಧಾನವಾಯಿತು.

“ನಂಬಿಕೆ ಇಲ್ವಾ” ಅಂದರೆ “ನಂಬಿಕೆ ಇದೆ, ಅದಕ್ಕೇ ಇಬ್ಬರೂ ಪರೀಕ್ಷೆ ಮಾಡಿಸೋಣ ಅಂತಿರೋದು” ಎನ್ನಲು ಹೇಳಿಕೊಟ್ಟೆ. ಕೆಲಸದ ಹೆಸರಲ್ಲಿ ಹೆದರಿಸಿದರೆ ಅದು ಕಿರುಕುಳ, ದೂರು ಕೊಡಲು ನಾನೂ ಜೊತೆಗಿರುತ್ತೇನೆ ಎಂದೆ.

ಮೊದಲ ಪರೀಕ್ಷೆ ನೆಗೆಟಿವ್. ಅವನು ಪರೀಕ್ಷೆಗೂ ಒಪ್ಪದೆ, ಕಾಂಡೋಮಿಗೂ ಒಪ್ಪದಿದ್ದರೆ ಸಂಬಂಧ ಬಿಡುವುದಾಗಿ ಆಕೆಯೇ ಹೇಳಿದಳು. ಬಿಡಲು ಆಗದೆ ಹೋದರೆ, ಎಚ್‌ಐವಿ ತಗುಲದಂತೆ ಮುಂಚಿತವಾಗಿ ತೆಗೆದುಕೊಳ್ಳುವ ಪ್ರೆಪ್ ಮಾತ್ರೆ ಬಗ್ಗೆ ವೈದ್ಯರನ್ನು ಕೇಳುವುದು ಎಂದು ಮಾತಾಗಿದೆ.