ಸ್ಪ್ರಿಂಗ್ ಏರ್ ರೈಫಲ್‌ಗೆ 4-12×40 ಸ್ಕೋಪ್ ತಗೊಳ್ಲಾ, 6-24×50 ತಗೊಳ್ಲಾ? ಈಗಿರೋದ್ರಲ್ಲಿ ಝೀರೋ (ಗುರಿ ಇಟ್ಟಲ್ಲೇ ಪೆಲೆಟ್ ಬೀಳೋ ಹೊಂದಾಣಿಕೆ) ನಿಲ್ತಾ ಇಲ್ಲ

ಎರಡೂ ಬೇಡ. ಸದ್ಯಕ್ಕೆ ದುಡ್ಡು ಜೇಬಲ್ಲೇ ಇರ್ಲಿ. (ಹೊಸಬರಿಗೆ: × ಮುಂಚೆ ಇರೋದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ ಅಂತ, ಆಮೇಲಿಂದು ಮುಂದಿನ ಗಾಜಿನ ಅಗಲ, ಮಿ.ಮೀ.ನಲ್ಲಿ.)

"ಹತ್ತು ಪೆಲೆಟ್ ಸರಿಯಾಗಿ ಬೀಳುತ್ತೆ, ಆಮೇಲೆ ಎಲ್ಲೆಲ್ಲೋ ಹೋಗುತ್ತೆ, ಸ್ಕ್ರೂ ಎಲ್ಲಾ ಫುಲ್ ಟೈಟ್ ಮಾಡಿದೀನಿ, ಎಲಿವೇಶನ್ (ಗುರಿ ಮೇಲೆ ಕೆಳಗೆ ಮಾಡೋ ತಿರುಪು) ಪೂರ್ತಿ ಮೇಲಕ್ಕೆ ತಿರುಗ್ಸಿದೀನಿ" ಅಂತ ಬರ್ದಿದೀರಲ್ಲ, ಅದನ್ನ ಓದಿ ನನ್ನ ಹಳೇ ಡೈರಿ ಯಾರೋ ತೆಗೆದು ಓದಿದಂಗಾಯ್ತು. ನಾನೂ ಇದೇ ಗುಂಡಿಗೆ ಬಿದ್ದೋನು.

ನಂದು ಬ್ರೇಕ್ ಬ್ಯಾರಲ್ (ಬ್ಯಾರಲ್ ಮಡಚಿ ಸ್ಪ್ರಿಂಗ್ ಎಳೆಯೋ) ಸ್ಪ್ರಿಂಗ್ ಗನ್ನು. ಜೊತೆಗೆ ಬಂದಿದ್ದ ಚಿಕ್ಕ 4×32 ಸ್ಕೋಪ್ ನೋಡಿ ನನಗೆ ಅವಮಾನ, ಪಕ್ಕದವರ ಹತ್ರ ಎಲ್ಲಾ ಕೋಲಿನಷ್ಟು ಉದ್ದದ್ದು ಇರೋವಾಗ ನಂದೇನಿದು ಆಟದ ಸಾಮಾನು ಥರ ಅಂತ. ದುಡ್ಡು ಕೂಡಿಟ್ಟು 6-24×50 ತಂದೆ. ಮುಂದಿನ ಗಾಜು 50 ಮಿ.ಮೀ., ಆ ಅಗಲಕ್ಕೆ ಬ್ಯಾರಲ್‌ಗೆ ತಾಗಬಾರದು ಅಂತ ಎತ್ತರದ ರಿಂಗ್ (ಸ್ಕೋಪನ್ನ ಗನ್ನಿನ ಮೇಲೆ ಹಿಡಿಯೋ ಬಳೆ) ಹಾಕಿದೆ, ಎತ್ತರದ ರಿಂಗ್ ಹಾಕಿದ್ಮೇಲೆ ಕೆನ್ನೆ ಸ್ಟಾಕ್ ಮೇಲೆ ಕೂರಲ್ಲ, ಕತ್ತು ಕೊಕ್ಕರೆ ಥರ ಎತ್ತಿಕೊಂಡು ನೋಡ್ಬೇಕು. 24ಕ್ಕೆ ಝೂಮ್ ಮಾಡಿದ್ರೆ ಟಾರ್ಗೆಟ್ ಕಾಣೋದಕ್ಕಿಂತ ಜಾಸ್ತಿ ನನ್ನ ಎದೆಬಡಿತನೇ ಕಾಣೋದು, ಕ್ರಾಸ್‌ಹೇರ್ ಡಬ್ ಡಬ್ ಅಂತ ಕುಣೀತಿತ್ತು. ಆದ್ರೂ ಖುಷಿ. ಮೊದಲ ದಿನ 20 ಮೀಟರ್‌ನಲ್ಲಿ ಒಂದು ಗ್ರೂಪ್ (ಪೆಲೆಟ್ ತೂತುಗಳ ಗುಂಪು) ಚೆನ್ನಾಗಿ ಬಂತು, ಅದೇ ನನ್ನ ಹಾಳು ಮಾಡಿದ್ದು.

ಎರಡನೇ ದಿನದಿಂದ ಪೆಲೆಟ್ ಮೇಲೆ ಮೇಲೆ ಹೋಗೋಕೆ ಶುರುವಾಯ್ತು. ನಾನು ಟರೆಟ್ (ಸ್ಕೋಪ್ ಮೇಲಿರೋ, ಗುರಿ ಹೊಂದಿಸೋ ತಿರುಪು) ತಿರುಗ್ಸಿ ಸರಿ ಮಾಡ್ತೀನಿ, ಹತ್ತು ಹನ್ನೆರಡು ಶಾಟ್ ಆದ್ಮೇಲೆ ಮತ್ತೆ ಹೋಗುತ್ತೆ, ಮತ್ತೆ ತಿರುಗ್ಸ್ತೀನಿ. ಸ್ಕೋಪ್ ಅಲ್ಲಾಡ್ತಿದೆ ಅಂತ ಅನಿಸ್ತು. ಇಲ್ಲೀವರೆಗೆ ನನ್ನ ಯೋಚನೆ ಸರಿನೇ ಇತ್ತು ನೋಡಿ, ನಿಜವಾಗ್ಲೂ ಅಲ್ಲಾಡ್ತಿತ್ತು. ಆದ್ರೆ ಎಲ್ಲಿ ಅಲ್ಲಾಡ್ತಿದೆ ಅಂತ ನೋಡ್ಲಿಲ್ಲ. ಕಣ್ಣಿಗೆ ಎದುರಿಗೆ ಕಾಣೋದು ರಿಂಗಿನ ಮೇಲಿನ ಸ್ಕ್ರೂಗಳು ತಾನೇ, ಅಲೆನ್ ಕೀ ತಗೊಂಡು ಅವನ್ನೇ ಬಿಗಿದೆ. ಮಾರನೇ ವಾರ ಇನ್ನೂ ಬಿಗಿದೆ. ಕೀಗೆ ಒಂದು ಪೈಪ್ ತುಂಡು ಸಿಕ್ಕಿಸಿ ಉದ್ದ ಮಾಡ್ಕೊಂಡು ಬಿಗಿದೆ. ಅದೂ ಸಾಲದು ಅಂತ ಬಿಚ್ಚಿ, ಕೆಂಪು ಥ್ರೆಡ್‌ಲಾಕರ್ (ಸ್ಕ್ರೂ ಕಚ್ಚಿಸೋ ಅಂಟು) ಹಾಕಿ ಬಿಗಿದೆ, ಅದು ಜನ್ಮಕ್ಕೂ ಬಿಡಬಾರದು ಅನ್ನೋ ಕಡೆ ಹಾಕೋದು ಅಂತ ಆಮೇಲೆ ಗೊತ್ತಾಯ್ತು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವು ಈಗ ನಿಂತಿರೋದು ಇಲ್ಲೇ. ಸ್ಕೋಪ್‌ನ ಹೊರಗಿನ ಟ್ಯೂಬ್ ತೆಳು ಅಲ್ಯೂಮಿನಿಯಂ. ಅದರೊಳಗೆ ಇನ್ನೊಂದು ಸಣ್ಣ ಟ್ಯೂಬ್ ಇರುತ್ತೆ. ಟರೆಟ್ ತಿರುಗಿಸಿದಾಗ ಸ್ಕ್ರೂ ಒಂದು ಕಡೆಯಿಂದ ಆ ಒಳಗಿನ ಟ್ಯೂಬನ್ನ ತಳ್ಳುತ್ತೆ, ಎದುರುಗಡೆಯಿಂದ ಒಂದು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತೆ. ಹೊರಗಿನ ಟ್ಯೂಬನ್ನ ನಾವು ಹಿಸುಕಿದ್ರೆ ಒಳಗಿಂದು ಸಲೀಸಾಗಿ ಓಡಾಡೋಕಾಗಲ್ಲ. ನಂದು ಹಂಗೇ ಆಯ್ತು. ಎಂಟು ಕ್ಲಿಕ್ ತಿರುಗ್ಸಿದ್ರೆ ಏನೂ ಆಗಲ್ಲ (ಎಂಒಎ ಅಂದ್ರೆ ಡಿಗ್ರಿಯ ಅರವತ್ತನೇ ಒಂದು ಭಾಗ; ಒಂದು ಕ್ಲಿಕ್‌ಗೆ ಕಾಲು ಎಂಒಎ ಸರಿಯೋ ಸ್ಕೋಪ್‌ನಲ್ಲಿ 20 ಮೀಟರ್‌ಗೆ ಒಂದು ಕ್ಲಿಕ್ ಅಂದ್ರೆ ಹತ್ತಿರತ್ತಿರ ಒಂದೂವರೆ ಮಿ.ಮೀ., ಎಂಟಕ್ಕೆ ಒಂದು ಸೆಂ.ಮೀ.ಗಿಂತ ಜಾಸ್ತಿನೇ ಸರೀಬೇಕು), ನಾಲ್ಕು ಶಾಟ್ ಆದ್ಮೇಲೆ ಒದೆತಕ್ಕೆ ಒಳಗಿಂದು ಬಿಟ್ಕೊಂಡು ಒಂದೇ ಸಲ ಜಿಗಿಯೋದು. ಝೂಮ್ ರಿಂಗ್ ಹಳೇ ನಲ್ಲಿ ಥರ ಬಿಗಿಯಾಯ್ತು. ನಾನು ಇನ್ನೂ ಬಿಗೀತಾನೇ ಇದ್ದೆ.

ಕೊನೆಗೆ ಕ್ಲಬ್‌ನಲ್ಲಿ ಒಬ್ರು ಹಿರಿಯರು ನನ್ನ ಒದ್ದಾಟ ನೋಡಿ ನೋಡಿ ಹತ್ರ ಬಂದ್ರು. ಏನೂ ಕೇಳ್ಲಿಲ್ಲ, ಕಿವಿ ಮೇಲಿದ್ದ ಪೆನ್ಸಿಲ್ ತೆಗೆದು ಮೌಂಟಿನ (ರಿಂಗನ್ನ ಗನ್ನಿಗೆ ಕಚ್ಚಿಸೋ ಕೆಳಭಾಗ) ಹಿಂದಿನ ಅಂಚಿಗೆ ಸರಿಯಾಗಿ ರೈಲ್ (ಮೌಂಟ್ ಕೂರೋ, ಗನ್ನಿನ ಮೇಲಿನ ಪಟ್ಟಿ) ಮೇಲೆ ಒಂದು ಗೆರೆ ಎಳೆದ್ರು. "20 ಹೊಡಿಯಪ್ಪ" ಅಂದ್ರು. ಹೊಡೆದೆ. ಗೆರೆ ಮಾಯ, ಮೌಂಟ್ ಅದರ ಮೇಲೆ ಹತ್ತಿ ಕೂತಿತ್ತು. "ಜಾರ್ತಿರೋದು ಕೆಳಗಡೆ, ನೀನು ಕತ್ತು ಹಿಸುಕ್ತಿರೋದು ಮೇಲ್ಗಡೆ" ಅಂದ್ರು ಅಷ್ಟೇ.

ಯಾಕೆ ಜಾರುತ್ತೆ ಅಂದ್ರೆ, ಸ್ಪ್ರಿಂಗ್ ಗನ್ ಒದೆಯೋದು ಎರಡು ಸಲ. ಸ್ಪ್ರಿಂಗ್ ತಳ್ಳೋ, ಒಳಗೆ ಗಾಳಿ ಒತ್ತೋ ಪಿಸ್ಟನ್ ಮುಂದಕ್ಕೆ ಓಡುವಾಗ ಗನ್ನು ಹಿಂದಕ್ಕೆ ಬರುತ್ತೆ, ಪಿಸ್ಟನ್ ಹೋಗಿ ಕೊನೇಲಿ ಗುದ್ದಿ ನಿಂತಾಗ ಗನ್ನು ಪಟ್ ಅಂತ ಮುಂದಕ್ಕೆ ಎಗರುತ್ತೆ. ಆಗ ಸ್ಕೋಪ್ ಇದ್ದಲ್ಲೇ ಇರೋಕೆ ನೋಡುತ್ತೆ, ಅಂದ್ರೆ ರೈಲ್ ಮೇಲೆ ನಿಮ್ಮ ಕಣ್ಣಿನ ಕಡೆಗೆ ಜಾರುತ್ತೆ. ಬಸ್ಸು ದಿಢೀರ್ ಅಂತ ಹೊರಟ್ರೆ ನಿಂತೋರು ಹಿಂದಕ್ಕೆ ವಾಲ್ತಾರಲ್ಲ, ಅದೇ. ನಂದು ಹೆಚ್ಚುಕಮ್ಮಿ ಮುಕ್ಕಾಲು ಕೆಜಿ ಸ್ಕೋಪು, ಎರಡು ಬಿಡಿ ರಿಂಗು, ಸ್ಟಾಪ್ ಪಿನ್ (ಮೌಂಟ್ ಜಾರದಂತೆ ತಡೆಯೋ ಮೊಳೆ) ಇಲ್ಲ. ಜಾರದೇ ಇನ್ನೇನು ಮಾಡುತ್ತೆ? ಬುಲೆಟ್ ರೈಫಲ್‌ಗಂತ ಮಾಡಿದ ಎಷ್ಟೋ ಸ್ಕೋಪ್‌ಗಳು ಹಿಂದಕ್ಕೆ ಒದೆಯೋದನ್ನ ತಡೀತವೆ, ಈ ಮುಂದಿನ ಎಗರಾಟ ತಡೆಯಲ್ಲ, ಒಳಗೆ ಲೆನ್ಸ್, ರೆಟಿಕಲ್ (ಕ್ರಾಸ್‌ಹೇರ್ ಗೆರೆಗಳಿರೋ ಭಾಗ) ಸಡಿಲ ಆಗ್ತವೆ. ಅದಕ್ಕೇ ಸ್ಪ್ರಿಂಗ್ ಏರ್ ರೈಫಲ್‌ಗೆ ತಡೆಯುತ್ತೆ ಅಂತ ಸ್ಪಷ್ಟವಾಗಿ ಬರೆದಿರೋದನ್ನೇ ತಗೋಬೇಕು.

ಸ್ಕ್ರೂ ಬಿಚ್ಚೋಕೆ ಹೋದ್ರೆ ತಲೆಯ ಆರುಮೂಲೆ ತೂತು ಸವೆದು ದುಂಡಗಾಗಿತ್ತು, ಡ್ರಿಲ್ ಹಾಕಿ ತೆಗೆಸ್ಬೇಕಾಯ್ತು. ಟ್ಯೂಬ್ ಮೇಲೆ ಬಳೆ ಹಾಕಿದಂಗೆ ಎರಡು ತಗ್ಗು. ವಾರಂಟಿಗೆ ಕಳಿಸಿದೆ, ರಿಂಗಿನ ಗುರುತಿದೆ, ಬಳಸಿದೋರ ತಪ್ಪು ಅಂತ ವಾಪಸ್ ಕಳಿಸಿದ್ರು. ಅವರು ಹೇಳಿದ್ದು ನಿಜಾನೇ, ಜಗಳ ಆಡೋಕೂ ಬಾಯಿರಲಿಲ್ಲ.

ಈಗ ನಿಮ್ಮ ಗನ್ನಿನ ಮಾತು. ಮೊದಲು ಸ್ಟಾಕಿನ ಸ್ಕ್ರೂಗಳನ್ನ ನೋಡಿ, ಸ್ಪ್ರಿಂಗ್ ಗನ್ನಲ್ಲಿ ಅವು ಸಡಿಲ ಆಗ್ತಾನೇ ಇರ್ತವೆ, ಎಷ್ಟೋ ಜನ ಅದನ್ನ ನೋಡದೇ ಸ್ಕೋಪ್ ಬದಲಾಯಿಸ್ತಾರೆ, ಕುಣಿಯಲಾರದೋಳು ನೆಲ ಡೊಂಕು ಅಂದಂಗೆ. ಆಮೇಲೆ ಒಂದೇ ತುಂಡಿನ ಮೌಂಟ್, ಸ್ಟಾಪ್ ಪಿನ್ ಇರೋದು ತಗೊಳ್ಳಿ, ಆ ಪಿನ್ ಗನ್ನಿನ ಮೇಲಿರೋ ಸಣ್ಣ ತೂತಿನೊಳಗೆ ಇಳೀಬೇಕು. ತೂತಿಲ್ಲದ ಗನ್ ಆದ್ರೆ ಮೌಂಟಿನ ಹಿಂದೆ ತಡೆಗೆ ಒಂದು ಸ್ಟಾಪ್ ಹಾಕ್ಬೇಕು. ರೈಲು ಮೌಂಟು ಎರಡರ ಎಣ್ಣೆನೂ ಸ್ಪಿರಿಟ್‌ನಲ್ಲಿ ಒರೆಸಿ ಕೂರಿಸಿ. ಬಿಗಿ ಬೇಕಾಗಿರೋದು ಈ ಕೆಳಗಿನ ಸ್ಕ್ರೂಗಳಿಗೆ. ಮೇಲಿನ ರಿಂಗಿನ ಸ್ಕ್ರೂಗೆ 15ರಿಂದ 20 ಇಂಚ್-ಪೌಂಡ್ (ತಿರುಚೋ ಬಲದ ಅಳತೆ) ಒಳಗೆ ಸಾಕು, ಮೌಂಟ್ ಮಾಡಿದೋರು ಬೇರೆ ಲೆಕ್ಕ ಕೊಟ್ಟಿದ್ರೆ ಅದೇ ಪಾಲಿಸಿ. ಆ ಬಲ ಅಳೆಯೋ ಟಾರ್ಕ್ ಡ್ರೈವರ್ ಇಲ್ದಿದ್ರೆ ಅಲೆನ್ ಕೀಯ ಉದ್ದನೆ ತುದಿ ಸ್ಕ್ರೂಗೆ ಹಾಕಿ ಗಿಡ್ಡ ತುದಿನ ಎರಡು ಬೆರಳಲ್ಲಿ ತಿರುಗ್ಸಿ, ಬೆರಳಿಗೆ ಸಾಕು ಅನಿಸಿದಾಗ ನಿಲ್ಲಿಸಿ. ಎದುರು ಬದುರು ಸ್ವಲ್ಪ ಸ್ವಲ್ಪ ಬಿಗೀರಿ, ರಿಂಗಿನ ಎರಡೂ ಕಡೆ ಸಂದು ಒಂದೇ ಸಮ ಇರ್ಬೇಕು.

ಪೂರ್ತಿ ಬಿಗಿಯೋ ಮೊದ್ಲು ಪೆಲೆಟ್ ಹಾಕದೇ, ಕಾಕ್ ಮಾಡದೇ (ಸ್ಪ್ರಿಂಗ್ ಎಳೆಯದೇ) ಗನ್ನನ್ನ ಕಣ್ಣು ಮುಚ್ಚಿ ಭುಜಕ್ಕೆ ತಗೊಂಡು ಆಮೇಲೆ ಕಣ್ಣು ಬಿಡಿ, ಸುತ್ತ ಕಪ್ಪು ನೆರಳಿಲ್ಲದೆ ಪೂರ್ತಿ ವೃತ್ತ ಕಾಣೋ ಜಾಗಕ್ಕೆ ಸ್ಕೋಪ್ ಸರಿಸಿ, ಝೂಮ್ ಅತೀ ಹೆಚ್ಚಿಗೆ ಇಟ್ಟು ಇದನ್ನ ಮಾಡಿ. ದೂರದಲ್ಲೊಂದು ದಾರಕ್ಕೆ ಕಲ್ಲು ಕಟ್ಟಿ ತೂಗುಹಾಕಿ, ಗನ್ನು ಓರೆಯಾಗದಂತೆ ಹಿಡಿದು ಕ್ರಾಸ್‌ಹೇರ್‌ನ ನಿಂತಗೆರೆನ ಅದಕ್ಕೆ ಹೊಂದಿಸಿ.

ಎಲಿವೇಶನ್ ಪೂರ್ತಿ ಮೇಲಕ್ಕೆ ಹೋಗಿದೆ ಅಂದ್ರಲ್ಲ, ಅದು ಸ್ಕೋಪಿನ ರೋಗ ಅಲ್ಲ. ಬ್ರೇಕ್ ಬ್ಯಾರಲ್ ಗನ್ಗಳಲ್ಲಿ ಬ್ಯಾರಲ್ ಮೂತಿ ಸ್ವಲ್ಪ ಕೆಳಗೆ ಬಾಗಿರೋದು ಮಾಮೂಲಿ. ಟರೆಟ್ ಕೊನೆವರೆಗೆ ಹೋದ್ರೆ ಒಳಗಿನ ಸ್ಪ್ರಿಂಗ್ ಒತ್ತಡ ಕಳ್ಕೊಂಡು ಝೀರೋ ತೇಲುತ್ತೆ. ಹಿಂಬದಿ ಎತ್ತರ ಇರೋ, ಬಾಗು ಸರಿದೂಗಿಸೋ ಮೌಂಟ್ ಸಿಗುತ್ತೆ, ಅದನ್ನ ಹಾಕಿ ಟರೆಟ್ ಮಧ್ಯಕ್ಕೆ ತನ್ನಿ. ಎರಡು ರೋಗನೂ ನಿಮಗೆ ಇರ್ಬಹುದು, ಎರಡಕ್ಕೂ ಮದ್ದು ಮೌಂಟಲ್ಲೇ ಇದೆ.

ಇಷ್ಟಾದ್ಮೇಲೂ ಹೊಸ ಸ್ಕೋಪ್ ಬೇಕೇ ಬೇಕು ಅಂದ್ರೆ 3-9×40, ಪ್ಯಾರಲಾಕ್ಸ್ (ಯಾವ ದೂರಕ್ಕೆ ಗುರಿ ಸ್ಪಷ್ಟವಾಗಿ, ಅಲ್ಲಾಡದೆ ಕಾಣುತ್ತೆ ಅನ್ನೋ ಹೊಂದಾಣಿಕೆ) 10 ಗಜದವರೆಗೆ ಇಳಿಸೋಕೆ ಬರೋದು. ಬುಲೆಟ್ ರೈಫಲ್ ಸ್ಕೋಪ್‌ಗಳಲ್ಲಿ ಪ್ಯಾರಲಾಕ್ಸ್ ಹೆಚ್ಚಾಗಿ 100 ಗಜಕ್ಕೇ ಕಟ್ಟಿರುತ್ತೆ, ಹತ್ರದ ಟಾರ್ಗೆಟ್ ಮಸುಕು, ತಲೆ ಸರಿದ್ರೆ ಕ್ರಾಸ್‌ಹೇರ್ ಕೂಡ ಟಾರ್ಗೆಟ್ ಮೇಲೆ ಸರಿಯುತ್ತೆ. ನಾನೀಗ 6ರ ಮೇಲೆ ಝೂಮ್ ಮುಟ್ಟೋದೇ ಅಪರೂಪ.

ಜೋಪಾನ ಅಂತ ಜಾಸ್ತಿ ಏನಿಲ್ಲ. ಲೆನ್ಸನ್ನ ಅಂಗಿ ತುದಿಯಲ್ಲಿ ಉಜ್ಜಬೇಡಿ, ಬ್ಲೋವರ್‌ನಲ್ಲಿ ಧೂಳು ಹಾರಿಸಿ, ಮೆತ್ತನೆ ಬ್ರಷ್ ಆಡಿಸಿ, ಆಮೇಲೆ ಮೈಕ್ರೋಫೈಬರ್. ಮಳೆಗಾಲದಲ್ಲಿ ಫೋಮಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ರೆ ಗಾಜಿಗೆ ಫಂಗಸ್ ಹಿಡಿಯುತ್ತೆ, ಸಿಲಿಕಾ ಜೆಲ್ ಇಡಿ. ಸ್ಕೋಪ್ ಹಿಡಿದು ಗನ್ ಎತ್ತಬೇಡಿ. ಪೆಲೆಟ್ ಇಲ್ಲದೆ ಟ್ರಿಗರ್ ಎಳೀಬೇಡಿ, ತಡೆಯೋಕೆ ಗಾಳಿ ಇಲ್ಲದೆ ಪಿಸ್ಟನ್ ಜೋರಾಗಿ ಗುದ್ದಿ ಸೀಲು ಸ್ಕೋಪು ಎರಡನ್ನೂ ತಿನ್ನುತ್ತೆ. ಆಮೇಲೆ ದಯವಿಟ್ಟು, ದೂರದಲ್ಲಿ ಯಾರು ಬರ್ತಿದಾರೆ ಅಂತ ಗನ್ನಿನ ಸ್ಕೋಪ್‌ನಲ್ಲಿ ನೋಡೋ ಚಟ ಬೇಡ, ಅದಕ್ಕೆ ಬೈನಾಕ್ಯುಲರ್ ಇದೆ.

ಮೊದಲು ಒಂದು ಪೆನ್ಸಿಲ್ ತಗೊಂಡು ಮೌಂಟಿನ ಹಿಂದೆ ಗೆರೆ ಎಳೀರಿ, 20 ಹೊಡೀರಿ, ಗೆರೆ ಎಲ್ಲಿಗೆ ಬಂತು ಅಂತ ಕೆಳಗೆ ಬರೀರಿ. ಸ್ಕೋಪ್ ವಿಷಯ ಆಮೇಲೆ ಮಾತಾಡೋಣ.