ಒಂದು ಆಸ್ಪತ್ರೆಯ ಲೆಕ್ಕ ಜಿಲ್ಲೆಯ ದರವಲ್ಲ

ನಿಮ್ಮ ಆಸ್ಪತ್ರೆಯ 4,000 ಹೆರಿಗೆಗಳಲ್ಲಿ 12 ಸ್ಪೈನಾ ಬಿಫಿಡಾ (ಬೆನ್ನುಮೂಳೆ ಸರಿಯಾಗಿ ಮುಚ್ಚಿಕೊಳ್ಳದ ಹುಟ್ಟುದೋಷ) ಕಂಡಿವೆ, ಜಿಲ್ಲೆಯ ದರ 10,000ಕ್ಕೆ 30 ಎನ್ನಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಬರೆಯಬೇಡಿ. ಸ್ಕ್ಯಾನಿಂಗ್‌ನಲ್ಲಿ ತೊಂದರೆ ಕಂಡ ಬಸುರಿಯರನ್ನೇ ಊರೂರಿಂದ ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ, ಅಂಕಿ ಉಬ್ಬುತ್ತದೆ.

1979ರಿಂದ ಯುರೋಪಿನಲ್ಲಿ ನಡೆದಿರುವ ಯೂರೋಕ್ಯಾಟ್ ಎಂಬ ಹುಟ್ಟುದೋಷ ದಾಖಲಾತಿ ಜಾಲದಂತೆ ತಾಯಿಯ ವಾಸಸ್ಥಳ ಹಿಡಿದು ಎಣಿಸಿ. ದರದ ಅಂಶದಲ್ಲಿ, ಅಂದರೆ ಮೇಲಿನ ಸಂಖ್ಯೆಯಲ್ಲಿ, ದೋಷವಿರುವ ಜೀವಂತ ಶಿಶುಗಳ ಜೊತೆ 20 ವಾರ ತುಂಬಿದ ಮೇಲೆ ಹೊಟ್ಟೆಯಲ್ಲೇ ತೀರಿಕೊಂಡವೂ, ದೋಷ ಪತ್ತೆಯಾಗಿ ಗರ್ಭಪಾತ ಮಾಡಿಸಿದವೂ ಬರಬೇಕು. ಛೇದದಲ್ಲಿ ಆ ಪ್ರದೇಶದ ಎಲ್ಲ ಜೀವಂತ, ನಿರ್ಜೀವ ಜನನಗಳು. ಗರ್ಭಪಾತಗಳನ್ನು ಬಿಟ್ಟರೆ ಅನೆನ್ಸೆಫಲಿಯಂಥವು (ಮೆದುಳು, ತಲೆಬುರುಡೆ ಪೂರ್ತಿ ಬೆಳೆಯದ ದೋಷ) ಲೆಕ್ಕದಿಂದಲೇ ಜಾರಿಹೋಗುತ್ತವೆ.

ಹೆಚ್ಚು ಎಡವುವುದು ಎರಡೆಣಿಕೆಯಲ್ಲಿ. ಹೆರಿಗೆ ರಿಜಿಸ್ಟರಿನಲ್ಲಿ ‘ಬೇಬಿ ಆಫ್ ಲಕ್ಷ್ಮಿ’, ಆಪರೇಷನ್ ರಿಜಿಸ್ಟರಿನಲ್ಲಿ ನಾಮಕರಣದ ಹೆಸರು, ಮಗು ಒಂದೇ. ತಾಯಿಯ ಹೆಸರು, ಹುಟ್ಟಿದ ದಿನ, ಲಿಂಗ, ತೂಕ ತಾಳೆ ನೋಡಿ. ಸ್ಪೈನಾ ಬಿಫಿಡಾದಿಂದಲೇ ತಲೆಯಲ್ಲಿ ನೀರು ತುಂಬಿದ್ದರೆ ಅದನ್ನು ಇನ್ನೊಂದು ದೋಷವೆಂದು ಎಣಿಸಬೇಡಿ.