ರಾತ್ರಿ ಊಟದ ನಂತರದ ಮಾತ್ರೆ

ಸೇಡಂ ತಾಲ್ಲೂಕಿನ ಶಿಕ್ಷಕಿಯೊಬ್ಬರ ಪತ್ರ: “ಸ್ತನ ಕ್ಯಾನ್ಸರಿಗೆ ಕಲಬುರಗಿಯಲ್ಲಿ ಮೂರು ಕೀಮೋ ಮುಗಿದಿವೆ. ಪ್ರತಿ ಸಲವೂ ಆಮೇಲಿನ ಮೂರು ನಾಲ್ಕು ರಾತ್ರಿ ಕಣ್ಣಿಗೆ ಕಣ್ಣು ಹತ್ತುವುದಿಲ್ಲ. ಮನೆಯವರು ‘ಚಿಂತೆ ಬಿಡು’ ಎನ್ನುತ್ತಾರೆ. ಓಣಿಯ ಔಷಧ ಅಂಗಡಿಯವರು ನಿದ್ದೆ ಮಾತ್ರೆ ಕೊಡುತ್ತೇನೆ ಎಂದಿದ್ದಾರೆ. ತೆಗೆದುಕೊಳ್ಳಲೇ? ನಿದ್ದೆಗೆಟ್ಟರೆ ರೋಗ ಹೆಚ್ಚುತ್ತದೆಯೇ?”

ಸಂಪಾದಕರ ಉತ್ತರ

ಸಹೋದರಿ,

ಪತ್ರದ ತಲೆಯಲ್ಲಿ ತಾರೀಖಿನ ಪಕ್ಕ “ನಸುಕಿನ 3.10” ಎಂದು ಬರೆದಿದ್ದೀರಿ. ಆ ಹೊತ್ತಿನ ಪರಿಚಯ ನನಗೂ ಇದೆ. ನನ್ನ ಅಣ್ಣನ ಚಿಕಿತ್ಸೆ ನಡೆದಾಗ ನಾವೂ ಅವನಿಗೆ “ಚಿಂತೆ ಬಿಡು” ಎಂದೇ ಹೇಳುತ್ತಿದ್ದೆವು. ಅವನು ಚಿಂತೆ ಮಾಡುತ್ತಿರಲಿಲ್ಲ. ರಾತ್ರಿ ಎರಡಕ್ಕೆ ಎದ್ದು ತೊಗರಿ ಮಾರಿದ ಹಳೆಯ ಲೆಕ್ಕ ಬರೆಯುತ್ತಿದ್ದ, ಕಪಾಟು ಜೋಡಿಸುತ್ತಿದ್ದ. ಕಾರಣ ತಿಳಿದದ್ದು ನಾಲ್ಕನೆಯ ಕೀಮೋ ಹೊತ್ತಿಗೆ. ವಾಂತಿಯಾಗದಿರಲಿ ಎಂದು ಕೊಟ್ಟ ಸ್ಟೀರಾಯ್ಡ್ ಮಾತ್ರೆಯ ಚೀಟಿಯಲ್ಲಿ “ದಿನಕ್ಕೆ ಎರಡು” ಎಂದಷ್ಟೇ ಇತ್ತು. ಎರಡನೆಯದನ್ನು ನಾವು ರಾತ್ರಿ ಊಟವಾದ ಮೇಲೆ ನುಂಗಿಸುತ್ತಿದ್ದೆವು!

ಆ ಮಾತ್ರೆ ಡೆಕ್ಸಾಮೆಥಾಸೋನ್. ಕೀಮೋದ ಆಸುಪಾಸಿನ ದಿನಗಳಲ್ಲಿ ಬಹಳ ಮಂದಿಗೆ ಕೊಡುತ್ತಾರೆ. ವಾಂತಿ, ಅಲರ್ಜಿ ತಡೆಯುವುದರಲ್ಲಿ ಗಟ್ಟಿ ಔಷಧ, ಆದರೆ ಮೈ ಸೋತು ಬಿದ್ದಿದ್ದರೂ ತಲೆಯನ್ನು ಮಲಗಲು ಬಿಡುವುದಿಲ್ಲ. ಅದರ ಪ್ರಭಾವ ಒಂದೂವರೆ ದಿನ ದಾಟಿಯೂ ಉಳಿಯುತ್ತದೆ. ನಿಮ್ಮ ಮೂರು ನಾಲ್ಕು ರಾತ್ರಿಗಳ ಲೆಕ್ಕ ನೋಡಿದರೆ ನನ್ನ ಗುಮಾನಿ ಮೊದಲು ಹೋಗುವುದು ಅದರ ಕಡೆಗೇ. ನೀವಾಗಿ ನಿಲ್ಲಿಸಬೇಡಿ. ಚೀಟಿಯನ್ನು ವೈದ್ಯರ ಮುಂದಿಟ್ಟು, “ಇದನ್ನು ಬೆಳಗಿನ ತಿಂಡಿಯ ಜೊತೆ ತೆಗೆದುಕೊಂಡು, ಎರಡನೆಯದನ್ನು ಮಧ್ಯಾಹ್ನ ಎರಡರೊಳಗೆ ಮುಗಿಸಬಹುದೇ?” ಎಂದು ಕೇಳಿ. ಕೂರಲೂ ಆಗದೆ ಮಲಗಲೂ ಆಗದೆ ಕಾಲು ಚಡಪಡಿಸುತ್ತಿದ್ದರೆ ಅದನ್ನೂ ಹೇಳಿ. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಕೆಲವರಿಗೆ ಹಾಗೆ ಮಾಡುತ್ತದೆ. ಕೀಮೋದಿಂದ ಮುಟ್ಟು ನಿಂತವರಿಗೆ ರಾತ್ರಿ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರಿ ಎಚ್ಚರವಾಗುವುದೂ ಉಂಟು. ಇವೆಲ್ಲ ವೈದ್ಯರಿಗೆ ಹೇಳಲೇಬೇಕಾದ ತೊಂದರೆಗಳು. ವಾಂತಿಯಾದರೆ ಹೇಳುತ್ತೇವೆ, ನಿದ್ದೆ ಬಾರದಿದ್ದರೆ ಏಕೆ ನುಂಗಿಕೊಳ್ಳುತ್ತೇವೋ ತಿಳಿಯದು.

ಅಂಗಡಿಯ ಮಾತ್ರೆ ಬೇಡವೇ ಬೇಡ. ನಿದ್ದೆ ಮಾತ್ರೆಯೇ ಕೆಟ್ಟದ್ದೆಂದಲ್ಲ, ಕೆಲವು ದಿನಕ್ಕೆಂದು ವೈದ್ಯರೇ ಬರೆದುಕೊಡುವುದುಂಟು. ಆದರೆ ನೋವಿಗೆ ಮಾರ್ಫಿನ್ ಅಥವಾ ಟ್ರಾಮಡಾಲ್ ತೆಗೆದುಕೊಳ್ಳುತ್ತಿರುವವರು ಅದರ ಮೇಲೆ ನಿದ್ದೆ ಮಾತ್ರೆ ನುಂಗಿದರೆ ಉಸಿರಾಟವೇ ನಿಧಾನವಾಗಬಹುದು. ನಿಮ್ಮ ಮಾತ್ರೆಗಳ ಪೂರ್ತಿ ಪಟ್ಟಿ ಅಂಗಡಿಯವರ ಬಳಿ ಇಲ್ಲ. ಬಂಧುಗಳು ತಂದುಕೊಡುವ ಅಶ್ವಗಂಧದ ಪುಡಿಗೂ ಇದೇ ಮಾತು: ಕೇಳದೆ ಬೇಡ. ಇನ್ನು ರೋಗದ ಪ್ರಶ್ನೆ. ನಾಲ್ಕು ರಾತ್ರಿ ನಿದ್ದೆ ಕೆಟ್ಟಿತೆಂದು ಕೀಮೋ ತನ್ನ ಕೆಲಸ ನಿಲ್ಲಿಸುವುದಿಲ್ಲ. ಹಾಸಿಗೆಯಲ್ಲಿ ಈ ಲೆಕ್ಕ ಹಾಕುತ್ತ ಕುಳಿತರೆ ಐದನೆಯ ರಾತ್ರಿಯೂ ಹೋಗುತ್ತದೆ, ಅಷ್ಟೇ.

ನಮ್ಮ ಕಡೆ ಇನ್ನೊಂದು ಕಾಟವಿದೆ: ಮಾತನಾಡಿಸಲು ಬರುವವರು. ಸಂಜೆ ಆರಕ್ಕೆ ಬಂದು, ರೋಗಿಯ ಮಂಚದ ಮೇಲೇ ಕುಳಿತು, ತಮ್ಮ ಸೋದರತ್ತೆಗೂ ಇದೇ ಆಗಿತ್ತು ಎಂದು ಆರಂಭಿಸಿ, ಆಕೆಯ ದಿನಕರ್ಮದವರೆಗೂ ಹೇಳಿಯೇ ಏಳುತ್ತಾರೆ. ಪ್ರತಿಯೊಬ್ಬರ ಜೊತೆ ನಿಮಗೂ ಒಂದು ಕಪ್ ಚಹಾ. ಬಂದವರನ್ನು ಬೆಳಿಗ್ಗೆ ಹನ್ನೊಂದಕ್ಕೆ ಬರಹೇಳುವ ಕೆಲಸ ನಿಮ್ಮದಲ್ಲ, ಯಜಮಾನರಿಗೆ ವಹಿಸಿ. ಮಧ್ಯಾಹ್ನದ ನಂತರ ಚಹಾ ಬೇಡ, ಮಜ್ಜಿಗೆ ಸಾಕು. ಮಂಚದ ಮೇಲೆ ನೀವು ಮಲಗುವುದೊಂದೇ ಆಗಲಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕಡೆ ಮಂದ ಬೆಳಕಿನಲ್ಲಿ ಕುಳಿತುಕೊಳ್ಳಿ, ತೂಕಡಿಕೆ ಬಂದಾಗ ಮರಳಿ. ಎಷ್ಟೇ ತಡವಾಗಿ ಮಲಗಿದರೂ ಏಳುವ ಹೊತ್ತು ಬದಲಾಗಬಾರದು. ಹಗಲು ಮಲಗಲೇಬೇಕೆನಿಸಿದರೆ ಮೂರು ಗಂಟೆಗೆ ಮೊದಲು, ಅರ್ಧ ತಾಸು ಮೀರದಂತೆ. ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ವೈದ್ಯರು ಹೇಳುವ ಮನೋಚಿಕಿತ್ಸೆಯ ಪಾಠಗಳಲ್ಲಿ ಇವು ಕೆಲವು. ಒಂದೇ ರಾತ್ರಿಯಲ್ಲಿ ಫಲ ಕಾಣದು, ವಾರಗಳು ಹಿಡಿಯುತ್ತವೆ.

ಬೇಸಿಗೆಯಲ್ಲಿ ಶಹಾಬಾದ್ ಕಲ್ಲಿನ ಮನೆ ನಡುರಾತ್ರಿಯವರೆಗೂ ಬಿಸಿ ಕಾರುತ್ತದೆ. ಮಾಳಿಗೆಯ ಮೇಲೆ ಮಲಗುವುದಾದರೆ ಸೊಳ್ಳೆಪರದೆ ಇರಲಿ. ಮನೆಯಲ್ಲಿ ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗುವವರೆಗೆ ಕಾಯದೆ, ಆ ಕ್ಷಣವೇ ಆಸ್ಪತ್ರೆಗೆ ಫೋನ್ ಮಾಡಬೇಕು.

ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದು ಹೊಡೆದು ಹಾಕಿದ್ದೀರಿ. ಬೆಳಕಿಗೆ ಹಿಡಿದರೆ ಓದಲು ಬರುತ್ತದೆ. ನಿಮ್ಮ ಹೆಸರು, ಊರು ಇಲ್ಲಿ ಇಲ್ಲದ್ದರಿಂದ ಹೇಳುತ್ತಿದ್ದೇನೆ: “ಮಲಗಿದರೆ ಏಳುತ್ತೇನೋ ಇಲ್ಲವೋ.” ಇದನ್ನು ನನಗಿಂತ ಮೊದಲು ನಿಮ್ಮ ವೈದ್ಯರು ಕೇಳಬೇಕಿತ್ತು. ಮುಂದಿನ ಭೇಟಿಯಲ್ಲಿ ಮಾತ್ರೆಯ ಚೀಟಿಯ ಜೊತೆಗೆ ಈ ಸಾಲನ್ನೂ ಒಯ್ಯಿರಿ. ಅಲ್ಲಿಯವರೆಗೆ, ನಸುಕಿನ ಮೂರಕ್ಕೆ ಅದು ಎದೆಯ ಮೇಲೆ ಕುಳಿತರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

— ಸಂ.